ಗುಂಡಿ ಒತ್ತುವ ಮುಂಚೆ

ಗುಂಜೋಟಿಯ ಶಿವರಾಯ ಹೊಲಕ್ಕೆ ನುಗ್ಗುವ ಹಂದಿಗಳನ್ನು ಓಡಿಸಲು ಪೈಪಿನಿಂದ ಆಲೂಗಡ್ಡೆ ಹಾರಿಸುವ ಬಂದೂಕು ಮಾಡಿದ್ದ. ಹೋದ ವರ್ಷ ಅದಕ್ಕೆ ಕಡ್ಡಿ ಗೀರಿದಾಗ ಪೈಪು ಸಿಡಿದು ತೀರಿಕೊಂಡ. ಈ ವರ್ಷವೂ ಜೋಳ ತೆನೆಗಟ್ಟಿತು, ಹಂದಿಗಳೂ ಬಂದವು. ತಮ್ಮ ಧನರಾಜ ಗಟ್ಟಿ ಪೈಪು ತಂದು, ಒಳಗೆ ಕರೆಂಟಿನ ಕಿಡಿ ಹಾರುವಂತೆ ಮಾಡಿ, ಉದ್ದನೆಯ ವೈರು ಬದುವಿನ ತನಕ ಎಳೆದು ಅದರ ತುದಿಗೆ ಒತ್ತುವ ಗುಂಡಿ ಕೂಡಿಸಿದ.

“ವೈನಿ, ಇನ್ನ ಯಾರೂ ಪೈಪಿನ ಸನೇಕ ಹೋಗೋದು ಬ್ಯಾಡ,” ಎಂದು ಗುಂಡಿಯನ್ನು ಅತ್ತಿಗೆ ಭುವನೇಶ್ವರಿಯ ಕೈಗೆ ಕೊಟ್ಟ.

ಇಷ್ಟು ಸಣ್ಣ ಗುಂಡಿ ಹೋದ ವರ್ಷವೇ ಇದ್ದಿದ್ದರೆ ಎಂದು ಆಕೆಗೆ ಸಂಕಟವಾಯಿತು. ಹೊತ್ತು ಮುಳುಗುವಾಗ ಜೋಳದೊಳಗೆ ಹಂದಿಗಳ ಸಪ್ಪಳ ಕೇಳಿತು. ಆದರೆ ಪೈಪಿನ ಪಕ್ಕದಲ್ಲಿ ಗಂಡ ಶಿವರಾಯ ತಲೆಗೆ ಟವೆಲ್ ಸುತ್ತಿಕೊಂಡು ಕುಕ್ಕರಗಾಲಲ್ಲಿ ಕೂತಿದ್ದ.

“ಒತ್ತರಿ ವೈನಿ,” ಎಂದ ಧನರಾಜ.

“ತಡಿ. ಅಲ್ಲಿ ನಿಮ್ಮಣ್ಣ ಕೂತಾರ.”

ಧನರಾಜನಿಗೆ ಬರೀ ಹೊಲ ಕಂಡಿತು. ಆದರೂ ಇಲ್ಲ ಅನ್ನಲಿಲ್ಲ.

“ಏಳ್ರಿ, ಈ ಕಡಿ ಬರ್ರಿ,” ಎಂದು ಆಕೆ ಮೆಲ್ಲಗೆ ಕರೆದಳು. ದಂಟುಗಳು ಸರಿದವು. ಮಗ್ಗುಲಲ್ಲಿ ಯಾರೋ ಬಂದು ಕೂತ ಹಾಗಾಯಿತು. ಆಮೇಲೆ ಗುಂಡಿ ಒತ್ತಿದಳು. ಹೊಲ ನಡುಗಿತು, ಹಂದಿಗಳು ಹಳ್ಳದ ಕಡೆ ಓಡಿದವು.

ಮನೆಗೆ ಹೋಗುವಾಗ ಧನರಾಜ ಅತ್ತಿಗೆಯ ಪಕ್ಕದಲ್ಲಿ ಇನ್ನೊಬ್ಬರಿಗೆ ಜಾಗ ಬಿಟ್ಟು ನಡೆದ.