ಕರಡಿ ಮೇಷ್ಟ್ರ ದನಿ

ಸ್ಟುಡಿಯೋದ ಗಾಜಿನ ಕೋಣೆಯಲ್ಲಿ ಕೂತು ಅವಳು ಆ ಮಧ್ಯಾಹ್ನವೆಲ್ಲ ಒಂದು ಕರಡಿಯನ್ನು ಮಾತಾಡಿಸುತ್ತಿದ್ದಳು. ಮಕ್ಕಳ ಕಾರ್ಟೂನಿನ ಕರಡಿ. ವರ್ಷಾನುಗಟ್ಟಲೆ ಅದಕ್ಕೆ ದನಿ ಕೊಟ್ಟ ಕಲಾವಿದರನ್ನು ಅಲ್ಲಿ ಎಲ್ಲರೂ ಕರಡಿ ಮೇಷ್ಟ್ರು ಎಂದೇ ಕರೆಯುತ್ತಿದ್ದರು. ಗಂಟಲಿನ ಶಸ್ತ್ರಚಿಕಿತ್ಸೆಯ ನಂತರ ಮೇಷ್ಟ್ರ ದನಿ ಪೂರ್ತಿ ಹೋಗಿತ್ತು. ಅವರ ಹಳೆಯ ಧ್ವನಿಮುದ್ರಣಗಳನ್ನು ಕಂಪ್ಯೂಟರಿಗೆ ಉಣಿಸಿ, ಅದೇ ದನಿಯಲ್ಲಿ ಹೊಸ ಮಾತು ಹೊರಡಿಸುವ ಕೆಲಸ ಸೌಂಡ್ ಎಂಜಿನಿಯರ್ ಆದ ಅವಳ ಪಾಲಿಗೆ ಬಂದಿತ್ತು.

ಆ ಮಾತು ತಂಪು ಪಾನೀಯದ ಜಾಹೀರಾತಿನದು. ಗಂಟಲು ನೆಟ್ಟಗಿದ್ದಾಗ ಮೇಷ್ಟ್ರು ಅದನ್ನು ಒಲ್ಲೆ ಎಂದಿದ್ದರು. ಮಕ್ಕಳು ತಮ್ಮ ಕರಡಿಯನ್ನು ನಂಬುತ್ತವೆ, ಅವಕ್ಕೆ ಸಕ್ಕರೆ ನೀರು ಕುಡಿಯಿರಿ ಎಂದು ಹೇಳಲು ಬಾಯಿ ಬರುವುದಿಲ್ಲ ಎಂದಿದ್ದರು. ಕೆಲಸ ಒಪ್ಪಿಕೊಳ್ಳುವಾಗ ಅವಳು ಸ್ಟುಡಿಯೋದ ಯಜಮಾನರಿಗೆ ಅದನ್ನು ನೆನಪಿಸಿದ್ದಳು.

"ನೋಡಮ್ಮ, ರೆಕಾರ್ಡಿಂಗ್ ಹಕ್ಕೆಲ್ಲ ನಮ್ಮದು ಅಂತ ಅವರೇ ಸಹಿ ಹಾಕಿದ್ದಾರೆ. ಕಾನೂನು ನಮ್ಮ ಕಡೆಗಿದೆ. ಈ ಜಾಹೀರಾತು ತಪ್ಪಿದ್ರೆ ಕಾರ್ಟೂನೇ ನಿಲ್ಲಬಹುದು. ಇಲ್ಲಿರೋರೆಲ್ಲ ಎಲ್ಲಿಗೆ ಹೋಗ್ಬೇಕು, ನೀನೇ ಹೇಳು" ಎಂದಿದ್ದರು ಯಜಮಾನರು. ಅದೂ ಸುಳ್ಳಾಗಿರಲಿಲ್ಲ.

ಮೊದಲ ಮಾದರಿ ಅವಳೇ ಬೆರಗಾಗುವಷ್ಟು ಚೆನ್ನಾಗಿ ಬಂತು. ಆದರೂ ಮನಸ್ಸು ಕೊರೆಯುವುದು ನಿಲ್ಲಲಿಲ್ಲ. ಸಂಜೆ ಅವಳ ಕಾಲು ತಾನಾಗಿ ಮೇಷ್ಟ್ರ ಮನೆಯತ್ತ ತಿರುಗಿತು.

ಮೇಷ್ಟ್ರು ಸೋಫಾದ ಮೇಲೆ ಒಣಗಿದ ಬಟ್ಟೆ ಮಡಚುತ್ತಿದ್ದರು. ಅವಳನ್ನು ಕಂಡು ಮುಖವೆಲ್ಲ ನಗುವಾದರು. ಒಳಗೆ ಅವರ ಹೆಂಡತಿ ಪಾತ್ರೆ ತೊಳೆಯುವ ಸದ್ದು. ವಿಷಯವನ್ನು ಹೇಗೆ ಎತ್ತುವುದೋ ತಿಳಿಯದೆ ಅವಳು ತಡವರಿಸಿದಳು. ಕೊನೆಗೆ ಫೋನನ್ನು ಮೇಜಿನ ಮೇಲಿಟ್ಟು ಆ ಮಾದರಿಯನ್ನು ಹಾಕಿಯೇಬಿಟ್ಟಳು.

"ಏನ್ರೋ ಪುಟಾಣಿಗಳಾ, ಆಡಿ ಆಡಿ ಸುಸ್ತಾಯ್ತಾ?"

ಪಾತ್ರೆಯ ಸದ್ದು ನಿಂತಿತು. ಮರುಕ್ಷಣ ಮೇಷ್ಟ್ರ ಹೆಂಡತಿ ಬಾಗಿಲಲ್ಲಿದ್ದರು. ಕೈಯಿಂದ ಸೋಪಿನ ನೊರೆ ತೊಟ್ಟಿಕ್ಕುತ್ತಿತ್ತು. ಅವರ ಮುಖದಲ್ಲಿ ಅಷ್ಟು ಸಂತೋಷವನ್ನು ಅವಳು ಎಂದೂ ಕಂಡಿರಲಿಲ್ಲ.

"ರೀ, ಮಾತು ಬಂತಾ? ಇನ್ನೊಂದ್ಸಲ ಆಡ್ರೀ."

ಮೇಷ್ಟ್ರ ಬಾಯಿ ಮುಚ್ಚೇ ಇತ್ತು. ಅವರ ದನಿ ಮಾತ್ರ ಫೋನಿನೊಳಗಿಂದ ತಂಪು ಪಾನೀಯವನ್ನು ಹೊಗಳುತ್ತಿತ್ತು. ಅವಳು ತಡಬಡಿಸಿ ಅದನ್ನು ನಿಲ್ಲಿಸಿದಳು. ಆ ತಾಯಿ ಮೆಲ್ಲಗೆ ಬಂದು ಗಂಡನ ಪಕ್ಕ ಕುಸಿದರು. ಮೇಷ್ಟ್ರು ಆಗಷ್ಟೇ ಮಡಚಿದ್ದ ಅಂಗಿಯಿಂದ ಅವರ ಒದ್ದೆ ಕೈಗಳನ್ನು ಒರೆಸಿದರು. ಆಮೇಲೆ ಅವಳತ್ತ ತಿರುಗಿ ತುಟಿಯಾಡಿಸಿದರು. ಗಾಜಿನಾಚೆಯಿಂದ ವರ್ಷಗಟ್ಟಲೆ ಆ ತುಟಿಗಳನ್ನು ನೋಡಿದವಳಿಗೆ ಮಾತು ತಿಳಿಯಿತು.

"ನನ್ನನ್ನ ಒಂದು ಮಾತು ಕೇಳ್ಬೇಕಿತ್ತಲ್ಲ, ಮಗಳೇ."

ಮರುದಿನ ಅವಳು ಈ ಕೆಲಸ ಮುಂದುವರಿಸಲು ತನ್ನ ಕೈಲಿ ಆಗದೆಂದು ಯಜಮಾನರಿಗೆ ಹೇಳಿದಳು. ಬೇರೆಯವರಿಂದ ಮಾಡಿಸುತ್ತೇನೆ ಎಂದು ಅವರು ರೇಗಿದರು.

"ಮಾಡಿಸಿ ಸರ್. ಆದ್ರೆ ಮೊದಲು ಅವರಿಬ್ಬರ ಮುಂದೆ ಕೂತು ನೀವೇ ಈ ಮಾದರಿನ ಒಂದ್ಸಲ ಕೇಳಿಸಿ."

ಯಜಮಾನರು ಬಿರುಸಿನಿಂದಲೇ ಮೇಷ್ಟ್ರ ಮನೆಗೆ ಹೊರಟುಹೋದರು. ಮರಳಿದಾಗ ಆ ಬಿರುಸು ಇರಲಿಲ್ಲ. ಫೋನ್ ಹೊರಗೆ ತೆಗೆಯುವ ಧೈರ್ಯವೇ ಆಗಲಿಲ್ಲವಂತೆ, ಕಾಫಿ ಕುಡಿದು ಎದ್ದು ಬಂದರಂತೆ. ಅದನ್ನು ಅಳಿಸಿಬಿಡು ಎಂದಷ್ಟೇ ಹೇಳಿ ತಮ್ಮ ಕೋಣೆಗೆ ನಡೆದರು.

ಜಾಹೀರಾತು ಕೈತಪ್ಪಿತು. ಕಾರ್ಟೂನಿನ ಕಂತುಗಳು ಕಡಿಮೆಯಾದವು, ಎಲ್ಲರೂ ಕೊಂಚ ಕೈ ಬಿಗಿಹಿಡಿದರು. ಆದರೆ ಕೆಲಸ ನಿಲ್ಲಲಿಲ್ಲ. ಕರಡಿಗೆ ಹೊಸ ಕಲಾವಿದನೊಬ್ಬ ಸಿಕ್ಕಿದ. ಮೇಷ್ಟ್ರೇ ಸ್ಟುಡಿಯೋಕ್ಕೆ ಬಂದು, ಎಲ್ಲಿ ಗುರುಗುಟ್ಟಬೇಕು, ಎಲ್ಲಿ ಮುದ್ದುಗರೆಯಬೇಕು ಎಂದು ಕೈಸನ್ನೆಯಲ್ಲೇ ಅವನನ್ನು ತಿದ್ದಿದರು.

ಹಳೆಯ ಧ್ವನಿಮುದ್ರಣಗಳನ್ನು ಎತ್ತಿಡುವಾಗ ಅವಳಿಗೆ ಒಂದು ತುಣುಕು ಸಿಕ್ಕಿತು. ಕರಡಿಯದಲ್ಲ, ಬಿಡುವಿನಲ್ಲಿ ಮೈಕ್ ಆರಿಸಲು ಮರೆತಾಗ ದಾಖಲಾದ ಮೇಷ್ಟ್ರ ಸ್ವಂತ ಮಾತು. ಯಜಮಾನರ ಒಪ್ಪಿಗೆ ಪಡೆದು ಅದನ್ನು ಮೇಷ್ಟ್ರ ಮನೆಗೆ ಒಯ್ದಳು. ಅದರಲ್ಲೇನಿದೆ ಎಂದು ಅವರ ಕಿವಿಯಲ್ಲಿ ಹೇಳಿ, "ಅಮ್ಮನಿಗೆ ಕೇಳಿಸ್ಲಾ, ಮೇಷ್ಟ್ರೇ?" ಎಂದಳು.

ಮೇಷ್ಟ್ರು ನಾಚಿಕೊಂಡರು. ತಲೆಯಾಡಿಸಿ, ಪಕ್ಕಕ್ಕೆ ಸರಿದು ಹೆಂಡತಿಗೆ ಜಾಗ ಮಾಡಿಕೊಟ್ಟರು.

"ಇವತ್ತಿಗೆ ಸಾಕು ಬಿಡ್ರಪ್ಪ" ಎಂದಿತು ದನಿ. "ನಾನು ಮನೆಗೆ ಹೋಗೋವರೆಗೂ ಅವಳು ಊಟ ಮಾಡಲ್ಲ."