ಲಿಂಡೌ ಬರೆದ ಸ್ವರ

"ಅದು ಕೈತಪ್ಪು, ಹಾರ್ಟುಂಗ್ ಅವರೇ. ತಿದ್ದಿ, ಸಹಿ ಹಾಕಿಬಿಡಿ," ಎಂದು ಪ್ರಧಾನ ಸಂಪಾದಕ ಪ್ರೊಫೆಸರ್ ಬ್ರೆಮರ್ ಕರಡಚ್ಚಿನ ಹಾಳೆಯನ್ನು ಮೇಜಿನ ಮೇಲೆ ತಳ್ಳಿದರು.

ಹೆಡ್ವಿಗ್ ಹಾರ್ಟುಂಗ್ ಪೆನ್ನು ಮುಟ್ಟಲಿಲ್ಲ. ಲೈಪ್ಜಿಗ್‌ನ ಆ ಸಂಶೋಧನ ಸಂಸ್ಥೆಯಲ್ಲಿ ಹಿಂದಿನ ಕಾಲದ ಸಂಗೀತ ರಚನಕಾರ ಕಾಸ್ಪರ್ ಲಿಂಡೌನ ಸಮಗ್ರ ಸಂಗೀತ ಕೃತಿಗಳು ಸಂಪುಟ ಸಂಪುಟವಾಗಿ ಹೊರಬರುತ್ತಿದ್ದವು. ನಾಲ್ಕು ವಾದ್ಯಗಳ ರಚನೆಗಳ ಸಂಪುಟವನ್ನು ಸಂಪಾದಿಸುವ ಹೊಣೆ ಆಕೆಯದು. ಅದಕ್ಕಾಗಿ ಅವಳು ಹರೆಯವನ್ನೇ ಸವೆಸಿದ್ದಳು. ಈಗ ಜಗಳ ಒಂದೇ ಒಂದು ಸ್ವರಕ್ಕೆ. ಒಂದು ರಚನೆಯ ವಿಳಂಬ ಗತಿಯ ಭಾಗದಲ್ಲಿ ಮೂರು ವಾದ್ಯಗಳು ಹಿತವಾಗಿ ಕೂಡುವಾಗ, ದೊಡ್ಡ ಪಿಟೀಲಿನಂಥ ಸೆಲ್ಲೊ ಮಾತ್ರ ಅರ್ಧ ಸ್ವರ ಮೇಲೆ ನಿಂತು ಕಿವಿಗೆ ಚುಚ್ಚುತ್ತದೆ. ಹಳೆಯ ಅಚ್ಚುಗಳೆಲ್ಲ ಅದನ್ನು ಇಂಪಾಗಿ ತಿದ್ದಿದ್ದವು.

"ಆಗ ಕೈಪ್ರತಿ ಮಾಡಿದ ನಕಲುಗಾರನೂ ತಿದ್ದಿದ್ದ, ಸರ್. ಲಿಂಡೌ ಅದನ್ನ ಚಾಕೂಲಿ ಕೆರೆದು, ಕಾಗದ ಹರಿಯೋ ಹಾಗೆ ತನ್ನ ಸ್ವರಾನೇ ವಾಪಸ್ ಬರೆದಿದಾನೆ."

"ಟಿಪ್ಪಣೀಲಿ ಹಾಕಿ. ಯಾರು ಬೇಡ ಅಂದ್ರು?"

"ಟಿಪ್ಪಣಿ ನಾವು ನಾಲ್ಕು ಜನ ಓದ್ತೀವಿ. ನುಡಿಸೋರು ಸ್ವರ ನೋಡ್ತಾರೆ."

"ಹಾಗಾದ್ರೆ ಸಂಪುಟ ಬೇರೆಯವರ ಹೆಸರಲ್ಲಿ ಬರುತ್ತೆ."

"ಬರಲಿ. ಸುಳ್ಳು ಸ್ವರದ ಮೇಲೆ ನನ್ನ ಹೆಸರು ಬೇಡ."

ಅವಳು ಎದ್ದು ಕೋಟು ಹಾಕಿಕೊಳ್ಳತೊಡಗಿದಳು. ಕೋಟಿನ ತೋಳು ಸಿಕ್ಕಲಿಲ್ಲ. ಬ್ರೆಮರ್ ಸಹಾಯಕ್ಕೆ ಎದ್ದರು. "ಬೇಡ," ಎಂದಳು.

ಸಂಪುಟ ಬಂತು. ಮುಖಪುಟದಲ್ಲಿ ಬ್ರೆಮರ್ ಹೆಸರು, ಒಳಗೆ ಇಂಪಾದ ಸ್ವರ. ಬಿಡುಗಡೆಗೆಂದು ಏರ್ಪಡಿಸಿದ ಸಂಗೀತ ಕಛೇರಿಯಲ್ಲಿ ಅದೇ ರಚನೆ ನುಡಿಸಲಿದ್ದವರಲ್ಲಿ ಸೆಲ್ಲೊದ ಲೋರೆ ಹೆಡ್ವಿಗ್‌ಳ ಕಾಲೇಜು ಗೆಳತಿ. ಹೆಡ್ವಿಗ್ ಲಿಂಡೌನ ಕೈಬರಹದ ಛಾಯಾಚಿತ್ರ ಹಿಡಿದು ನೇರ ಅವಳ ಅಡುಗೆಮನೆಗೆ ಹೋದಳು. ಲೋರೆ ಪ್ಲಮ್ ಕೇಕು ಕತ್ತರಿಸುತ್ತಿದ್ದಳು.

"ಕೆಲಸ ಬಿಟ್ಟು ಬಂದ್ಯಂತೆ? ಒಂದು ಸ್ವರಕ್ಕೆ? ತಲೆ ಕೆಟ್ಟಿದ್ಯಾ ನಿಂಗೆ?"

"ಕೆಟ್ಟಿದೆ. ನುಡಿಸಿ ನೋಡು."

ಗೊಣಗುತ್ತಲೇ ಲೋರೆ ಕೈ ಒರೆಸಿಕೊಂಡು ಸೆಲ್ಲೊ ತಂದಳು. ಮೇಲಿನ ರಾಗವನ್ನು ಹೆಡ್ವಿಗ್ ತನ್ನ ಒಡಕು ದನಿಯಲ್ಲಿ ಹಾಡಿದಳು. ಆ ಸ್ವರ ಬಂದಾಗ ಲೋರೆ ಮುಖ ಕಿವಿಚಿದಳು. ಮುಂದಕ್ಕೆ ನುಡಿಸಿದಳು. ಮೊದಲಿಂದ ಮತ್ತೆ ನುಡಿಸಿದಳು. ಕೇಕು ಹಾಗೇ ಉಳಿಯಿತು.

"ಅಯ್ಯೋ," ಎಂದಳು ಕೊನೆಗೆ. "ಇದಿಲ್ದೆ ಮುಂದಿನ ಸಾಲಿಗೆ ಅರ್ಥಾನೇ ಇಲ್ಲ ಕಣೇ. ಇಷ್ಟು ವರ್ಷ ಸಕ್ಕರೆ ನೀರು ಕುಡಿಸಿದ್ದೀನಿ ಜನಕ್ಕೆ." ಸೆಲ್ಲೊದ ಕಮಾನು ಕೆಳಗಿಟ್ಟಳು. "ಆದ್ರೆ ನಮ್ಮ ತಂಡದ ಪಿಟೀಲಿನ ಮಹಾರಾಯ ಒಪ್ಪಲ್ಲ."

"ಸ್ವರ ಇರೋದು ನಿನ್ನ ಸೆಲ್ಲೊದಲ್ಲಿ. ಅವನ ಪಿಟೀಲಲ್ಲಿ ಅಲ್ಲ."

ಲೋರೆ ಗಟ್ಟಿಯಾಗಿ ನಕ್ಕಳು. ಮಾತು ಮಾತ್ರ ಕೊಡಲಿಲ್ಲ.

ಕಛೇರಿಯ ಸಂಜೆ ಹೆಡ್ವಿಗ್ ಕೊನೆಯ ಸಾಲಿನಲ್ಲಿ ಕುಳಿತಳು. ಮೊದಲ ಸಾಲಿನಲ್ಲಿ ಬ್ರೆಮರ್, ಅಕ್ಕಪಕ್ಕ ಅತಿಥಿಗಳು. ವಿಳಂಬ ಭಾಗ ಶುರುವಾಯಿತು. ಲೋರೆ ಯಾರನ್ನೂ ನೋಡದೆ, ಕಮಾನನ್ನು ತಂತಿಯ ಮೇಲೆ ಊರಿ ಎಳೆದಳು. ಲಿಂಡೌ ಬರೆದ ಒರಟು ಸ್ವರ ಸಭಾಂಗಣದ ಉದ್ದಕ್ಕೂ ನಿಂತಿತು. ಪಿಟೀಲಿನವನ ಹುಬ್ಬು ಮೇಲೇರಿತು, ಆದರೆ ಕೈ ನಿಲ್ಲಿಸುವಂತಿರಲಿಲ್ಲ. ಯಾರೋ ಕೆಮ್ಮಿದರು. ಆಮೇಲೆ ಕೆಮ್ಮೂ ಇಲ್ಲ.

ಮೊದಲ ಸಾಲಿನಲ್ಲಿ ಬ್ರೆಮರ್ ಅವರ ನರೆತ ತಲೆ ಮೆಲ್ಲಗೆ ಹಿಂದಕ್ಕೆ ತಿರುಗಿ, ಸಾಲು ಸಾಲಾಗಿ ಹುಡುಕತೊಡಗಿತು. ಹೆಡ್ವಿಗ್ ಕುತ್ತಿಗೆ ನೆಟ್ಟಗೆ ಮಾಡಿಕೊಂಡು, ಅವರಿಗೆ ಸರಿಯಾಗಿ ಕಾಣುವ ಹಾಗೆ, ಮುಂದಿನವರ ಟೋಪಿಯಿಂದ ಸ್ವಲ್ಪ ಪಕ್ಕಕ್ಕೆ ಸರಿದು ಕುಳಿತಳು.