ಸಪ್ಪೆಯಮ್ಮನ ತುರಿಮಣೆ

ಬಲಗೈಯನ್ನು ಕೋಟಿನ ಜೇಬಿನ ಮೇಲೆ ಒತ್ತಿಹಿಡಿದು, ಬಲಗಾಲನ್ನು ಮಂಡಿ ಮಡಿಸದೆ ನೆಟ್ಟಗೆ ಎತ್ತಿಡುತ್ತ, ಆಸ್ಪತ್ರೆಯ ಉದ್ದನೆಯ ಕಾರಿಡಾರಿನಲ್ಲಿ ಊಟದ ಗಾಡಿಯ ಹಿಂದೆ ಬರುತ್ತಿದ್ದ ಆ ಹೆಂಗಸನ್ನು ಮೊದಲ ಸಲ ಕಂಡಾಗ, ಪಾಪ, ಕಾಲಿಗೇನೋ ಪೆಟ್ಟಾಗಿದೆ ಎಂದುಕೊಂಡಿದ್ದೆ. ಪೆಟ್ಟೂ ಇಲ್ಲ, ನೋವೂ ಇಲ್ಲ. ಮೊಣಕಾಲಿನವರೆಗೆ ಇಳಿಬಿದ್ದ ಅವರ ಬಿಳಿಯ ಕೋಟಿಗೆ ಅವರೇ ಹೊಲಿದುಕೊಂಡ ಒಂದು ಜೇಬಿತ್ತು. ಉಳಿದ ಜೇಬುಗಳಂತೆ ಅಗಲವಾಗಿರದೆ ಕೊಳಲಿನ ಚೀಲದ ಹಾಗೆ ಉದ್ದಕ್ಕೆ, ಕಿರಿದಾಗಿ, ಒಳಗೆ ದಪ್ಪ ಕ್ಯಾನ್ವಾಸು ಕೊಟ್ಟು ಹೊಲಿದ ಜೇಬು. ಅದರಲ್ಲಿ ಅವರ ಸಣ್ಣ ತುರಿಮಣೆ ಇರುತ್ತಿತ್ತು. ಮಂಡಿ ಮಡಿಸಿದರೆ ಅದರ ಹಲ್ಲು ಕ್ಯಾನ್ವಾಸನ್ನೂ ದಾಟಿ ತೊಡೆಗೆ ಕಚ್ಚುತ್ತಿದ್ದುದರಿಂದ, ಇಪ್ಪತ್ತಾರು ವರ್ಷಗಳಲ್ಲಿ ಅವರ ನಡಿಗೆಯೇ ಆ ಉಪಕರಣಕ್ಕೆ ತಕ್ಕಂತೆ ತಿದ್ದಿಕೊಂಡುಬಿಟ್ಟಿತ್ತು. ಕೋಟು ಕಳಚಿಟ್ಟು ಸಂಜೆ ಬಸ್ಸು ಹತ್ತಲು ಹೋಗುವಾಗಲೂ ಬಲಗಾಲು ಹಾಗೆಯೇ ಸೆಟೆದುಕೊಂಡಿರುತ್ತಿತ್ತು.

ಆಸ್ಪತ್ರೆಯ ಪಥ್ಯದ ಅಡುಗೆಮನೆ ಅವರದು. ಹೃದಯ ಸೋತವರಿಗೆ, ಮೂತ್ರಪಿಂಡ ಕೈಕೊಟ್ಟವರಿಗೆ, ರಕ್ತದೊತ್ತಡ ನೆತ್ತಿಗೇರಿದವರಿಗೆ, ಒಟ್ಟಿನಲ್ಲಿ ಉಪ್ಪು ಮುಟ್ಟಬಾರದೆಂದು ವೈದ್ಯರು ಬರೆದುಕೊಟ್ಟ ನಲವತ್ತು ಮಂದಿಗೆ ಮೂರು ಹೊತ್ತೂ ಅಡುಗೆ ಮಾಡುವುದು ಅವರ ಕೆಲಸ. ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ ಎಂದು ನಂಬಿದ ಲೋಕದಲ್ಲಿ ಇದಕ್ಕಿಂತ ಹೊಗಳಿಕೆ ಕಾಣದ ಉದ್ಯೋಗ ಇನ್ನೊಂದಿರಲಾರದು. ಯಾವ ರೋಗಿ ಯಾವ ಕಾಲದಲ್ಲಿ ಇಟ್ಟನೋ, ಸಪ್ಪೆಯಮ್ಮ ಎಂಬ ಹೆಸರು ಅವರಿಗೆ ಅಂಟಿಕೊಂಡಿತ್ತು. ದೊಡ್ಡ ಡಾಕ್ಟರಿಂದ ಹಿಡಿದು ಕಸ ಗುಡಿಸುವವರವರೆಗೆ ಎಲ್ಲರೂ ಹಾಗೆಯೇ ಕರೆಯುತ್ತಿದ್ದರು, ಅವರೂ ಬೇಸರವಿಲ್ಲದೆ ಓಗೊಡುತ್ತಿದ್ದರು.

ಅವರ ತುರಿಮಣೆಗೆ ಮಣೆಯೇ ಇರಲಿಲ್ಲ. ಒಂದು ಗೇಣಿಗಿಂತ ಸ್ವಲ್ಪ ಉದ್ದ, ಎರಡು ಬೆರಳಿನಗಲದ ಉಕ್ಕಿನ ಪಟ್ಟಿ. ಮೈತುಂಬ ಗಸಗಸೆಯಷ್ಟು ಸಣ್ಣ ಹಲ್ಲುಗಳು. ತುದಿಯಲ್ಲಿ ಬಟ್ಟೆ ಸುತ್ತಿದ ಹಿಡಿ. ಎಲ್ಲರೂ ತುರಿಮಣೆಯನ್ನು ಕೆಳಗಿಟ್ಟು ಹಣ್ಣನ್ನು ಅದರ ಮೇಲೆ ಉಜ್ಜಿದರೆ, ಇವರದು ಉಲ್ಟಾ ಶಾಸ್ತ್ರ. ಎಡಗೈಯಲ್ಲಿ ನಿಂಬೆಹಣ್ಣನ್ನು ಅಲುಗದಂತೆ ಹಿಡಿದು, ಪಟ್ಟಿಯನ್ನು ಹಲ್ಲು ಕೆಳಗಾಗಿ ಅದರ ಮೇಲಿಟ್ಟು, ಮಗುವಿನ ಬೆನ್ನು ಸವರುವಷ್ಟು ಹಗುರವಾಗಿ ಒಂದೇ ಸಲ ಎಳೆಯುತ್ತಿದ್ದರು. ಹಳದಿ ತುರಿ ಪಟ್ಟಿಯ ಬೆನ್ನಿನ ಮೇಲೆ ನವಿರಾಗಿ ಕೂಡಿಕೊಳ್ಳುತ್ತಿತ್ತು, ಹಣ್ಣಿನ ಮೈ ಕಣ್ಣಿಗೆ ಕಾಣುತ್ತಿತ್ತು. ಹಳದಿಯ ಕೆಳಗೆ ಬಿಳಿಯ ಪದರ ಇಣುಕುವ ಮೊದಲೇ ಬಾಯೊಳಗೇ "ಸಾಕು" ಎಂದು ಹಣ್ಣನ್ನು ಒಂದಿಷ್ಟು ತಿರುಗಿಸುತ್ತಿದ್ದರು. ಮತ್ತೆ ಒಂದು ಎಳೆತ, ಮತ್ತೆ ಒಂದು "ಸಾಕು". ಒಂದು ಹಣ್ಣು ಮುಗಿಯುವುದರೊಳಗೆ ಹತ್ತು ಹನ್ನೆರಡು ಸಲ ಆ ಮಾತು ಕೇಳಿಸುತ್ತಿತ್ತು. ಶುಂಠಿಯನ್ನು ತಂಪುಪೆಟ್ಟಿಗೆಯಲ್ಲಿಟ್ಟು ಕಲ್ಲಾಗಿಸಿ ತುರಿಯುತ್ತಿದ್ದರು. ನಾರೆಲ್ಲ ಕೈಯಲ್ಲೇ ಉಳಿದು ಖಾರ ಮಾತ್ರ ತಟ್ಟೆಗೆ ಇಳಿಯುತ್ತಿತ್ತು. ಜಾಯಿಕಾಯಿಯದು ಎರಡೇ ಎಳೆತ, ಮೂರನೆಯದಕ್ಕೆ ಸುತರಾಂ ಒಪ್ಪುತ್ತಿರಲಿಲ್ಲ.

ಇಷ್ಟನ್ನೂ ಅವರು ಅಡುಗೆಮನೆಯಲ್ಲಿ ಮಾಡುತ್ತಿರಲಿಲ್ಲ, ರೋಗಿಯ ಹಾಸಿಗೆಯ ಪಕ್ಕದಲ್ಲಿ, ಅವನ ತಟ್ಟೆಯ ಮೇಲೆಯೇ ಮಾಡಬೇಕೆಂಬುದೇ ಅವರ ಹಟ. ಅಡುಗೆಮನೆ ಬಿಟ್ಟ ಊಟ ಗಾಡಿಯಲ್ಲಿ ಕುಲುಕುತ್ತ ಕೊನೆಯ ಹಾಸಿಗೆ ತಲುಪುವುದಕ್ಕೆ ಮುಕ್ಕಾಲು ಗಂಟೆ ಬೇಕು. ತುರಿದ ಸಿಪ್ಪೆಯ ಪರಿಮಳಕ್ಕೆ ಅಷ್ಟು ಆಯುಷ್ಯವಿಲ್ಲ. "ಮೊದ್ಲು ಮೂಗಿಗೆ ಊಟ ಆಗ್ಬೇಕು ಯಜಮಾನ್ರೇ, ಆಮೇಲೆ ಬಾಯಿಗೆ" ಎನ್ನುತ್ತಿದ್ದರು. ಗಂಡಸರೆಲ್ಲ ಅವರಿಗೆ ಯಜಮಾನರು, ಹೆಂಗಸರೆಲ್ಲ ತಾಯಂದಿರು.

ಆ ಪಟ್ಟಿಯನ್ನು ಯಾರ ಕೈಗೂ ಕೊಡುತ್ತಿರಲಿಲ್ಲ. ಗೇಟಿನ ಕಾವಲುಗಾರ ಒಮ್ಮೆ, ಒಡೆದ ಹಿಮ್ಮಡಿ ಉಜ್ಜಿಕೊಳ್ಳುವುದಕ್ಕೆ ಇದಕ್ಕಿಂತ ಪ್ರಶಸ್ತವಾದ ವಸ್ತು ಇಲ್ಲವೆಂದು ಕಂಡುಹಿಡಿದು, ಐದು ನಿಮಿಷಕ್ಕೆ ಎರವಲು ಕೇಳಿದನಂತೆ. ಮಾರನೆಯ ಬೆಳಿಗ್ಗೆ ಅವನ ಕುರ್ಚಿಯ ಮೇಲೆ ಕಾಲುಜ್ಜುವ ಕಲ್ಲೊಂದು ಕಾಗದದಲ್ಲಿ ಸುತ್ತಿ ಇಟ್ಟಿತ್ತು. ಇನ್ನೊಮ್ಮೆ, ಸಿಬ್ಬಂದಿಗೆ ಅಡುಗೆ ಮಾಡುವವನು ರಜೆ ಹಾಕಿದಾಗ ಅರವತ್ತು ಜನರ ಊಟ ಇವರ ಪಾಲಿಗೆ ಬಂತು. ಬರೆದುಕೊಟ್ಟ ಅಳತೆಯ ಉಪ್ಪು ಕಂಡು ಗಾಬರಿಯಾಗಿ ಅದರಲ್ಲಿ ಕಾಲುಭಾಗ ಹಾಕಿದರು. ರಕ್ತಪರೀಕ್ಷೆಯ ಕೋಣೆಯವನು ಒಂದು ತುತ್ತು ಬಾಯಿಗಿಟ್ಟು, "ಸಪ್ಪೆಯಮ್ಮ, ನಾವಿನ್ನೂ ಅಡ್ಮಿಟ್ ಆಗಿಲ್ಲ" ಎಂದನಂತೆ. ವರ್ಷಾನುಗಟ್ಟಲೆ ಸಪ್ಪೆ ರುಚಿ ನೋಡಿ ನೋಡಿ ಅವರ ನಾಲಿಗೆಗೆ ಉಪ್ಪಿನ ಲೆಕ್ಕವೇ ತಪ್ಪಿಹೋಗಿತ್ತು. ಮಗಳ ಮನೆಗೆ ಹೋದರೆ ಮಗಳು ಉಪ್ಪಿನ ಡಬ್ಬಿಯನ್ನು ಮೇಲಿನ ಕಪಾಟಿಗೆ ಏರಿಸಿ, ಅಮ್ಮ, ನೀನು ಸುಮ್ಮನೆ ಕೂತ್ಕೋ ಎನ್ನುತ್ತಿದ್ದಳಂತೆ. ಇದನ್ನು ಅವರೇ ನಗುತ್ತ ಹೇಳುತ್ತಿದ್ದರು.

ನನಗೆ ಅವರ ಪರಿಚಯವಾದದ್ದು ಅಣ್ಣನಿಂದ. ಅಣ್ಣ ಬಸ್ಸಿನ ಡ್ರೈವರು, ಆಳುದ್ದ ದೇಹ, ಎರಡಾಳಿನ ಊಟ. ಅಪ್ಪ ತೀರಿಕೊಂಡಾಗ ನನಗೆ ಒಂಬತ್ತು ವರ್ಷ. ಅಲ್ಲಿಂದಾಚೆ ನನ್ನನ್ನು ಓದಿಸಿದವನು, ಬೈದವನು, ಬೆನ್ನು ತಟ್ಟಿದವನು ಎಲ್ಲ ಅವನೇ. ಐವತ್ತೆರಡನೆಯ ವಯಸ್ಸಿಗೆ ಅವನ ಹೃದಯದ ಒಂದು ಕವಾಟ ಕೆಟ್ಟು, ಕಾಲುಗಳಲ್ಲಿ ನೀರು ತುಂಬಿ, ಮಲಗಿದರೆ ಉಸಿರು ಸಿಗದ ಸ್ಥಿತಿಗೆ ಬಂದ. ಮೂರು ವಾರ ಉಪ್ಪು ಬಿಟ್ಟು ಮೈಯ ನೀರು ಇಳಿಸಬೇಕು, ಜೊತೆಗೆ ಚೆನ್ನಾಗಿ ಉಂಡು ಶಕ್ತಿ ಕೂಡಿಸಿಕೊಳ್ಳಬೇಕು, ಎರಡೂ ಆದರೆ ಮಾತ್ರ ಶಸ್ತ್ರಚಿಕಿತ್ಸೆ ಎಂದು ವೈದ್ಯರು ಕಡ್ಡಿ ಮುರಿದಂತೆ ಹೇಳಿದರು. ನೀರೇನೋ ಇಳಿಯತೊಡಗಿತು. ಆದರೆ ಅಣ್ಣ ಉಣ್ಣಲಿಲ್ಲ. ಎರಡು ತುತ್ತು ತಿಂದು ಗೋಡೆಯ ಕಡೆ ಹೊರಳುತ್ತಿದ್ದ. ಸಪ್ಪೆಯಮ್ಮ ದಿನವೂ ಬಂದು, ಬೆಂದ ಆಲೂಗಡ್ಡೆಯ ಮೇಲೆ, ತರಕಾರಿ ಸೂಪಿನ ಮೇಲೆ ಅದು ಇದು ತುರಿದು ನೋಡಿದರು. ಅಣ್ಣ ಅವರನ್ನೂ ಬೈದ, ಅವರ ನಿಂಬೆಹಣ್ಣನ್ನೂ ಬೈದ, ಇದು ಊಟವಲ್ಲ, ಒದ್ದೆ ಸುಣ್ಣ ಎಂದ.

ಒಂಬತ್ತನೆಯ ದಿನ, ನಾನು ಅವನ ತಲೆದಿಂಬು ಸರಿಮಾಡುತ್ತಿದ್ದಾಗ, ನನ್ನ ಮಣಿಕಟ್ಟು ಹಿಡಿದು, "ಒಂದು ಚಿಟಿಕೆ ಕಣೋ. ಒಂದೇ ಒಂದು" ಎಂದ. ನಾನು ಹುಟ್ಟಿದಾಗಿನಿಂದ ನನ್ನಲ್ಲಿ ಏನನ್ನೂ ಬೇಡದಿದ್ದ ಮನುಷ್ಯ. ಮಾರನೆಯ ದಿನ ನನ್ನ ಕನ್ನಡಕದ ಪೆಟ್ಟಿಗೆಯಲ್ಲಿ ಉಪ್ಪಿನ ಪೊಟ್ಟಣವಿತ್ತು. ಮೊದಲ ದಿನ ಒಂದು ಚಿಟಿಕೆ, ಎರಡನೆಯ ದಿನ ಎರಡು, ಆಮೇಲೆ ಲೆಕ್ಕ ಇಡಲಿಲ್ಲ. ಅಣ್ಣ ತಟ್ಟೆ ಬಳಿದು ಉಂಡ. ಮುಖಕ್ಕೆ ಕಳೆ ಬಂತು, ತೂಕ ಏರಿತು; ಊಟ ಮೈಗೆ ಹತ್ತುತ್ತಿದೆ ಎಂದು ನಾವಿಬ್ಬರೂ ಕಣ್ಣಲ್ಲೇ ನಕ್ಕೆವು. ಆ ನಾಲ್ಕು ದಿನ ನನಗೆ ನನ್ನ ಮೇಲೆ ಎಷ್ಟು ಅಭಿಮಾನವಿತ್ತೆಂದರೆ, ಈಗ ನೆನೆದರೆ ಮೈ ಮುದುಡಿಕೊಳ್ಳುತ್ತದೆ.

ಐದನೆಯ ದಿನ ಮಧ್ಯಾಹ್ನ ಸಪ್ಪೆಯಮ್ಮ ಮಗ್ಗುಲ ಹಾಸಿಗೆಯವರಿಗೆ ತುರಿಯುತ್ತಿದ್ದಾಗ, ಉಂಡು ತೃಪ್ತನಾಗಿದ್ದ ಅಣ್ಣ ಧಾರಾಳವಾಗಿ, "ಅಮ್ಮ, ಇವತ್ತು ಊಟ ತುಂಬಾ ಚೆನ್ನಾಗಿತ್ತು" ಎಂದ. ಅವರ ಕೈ ಹಣ್ಣಿನ ಮೇಲೆಯೇ ನಿಂತಿತು. ಪಟ್ಟಿಯನ್ನು ಜೇಬಿಗಿಳಿಸಿ, ಈಚೆ ಬಂದು, ಅಣ್ಣನ ಹೊದಿಕೆಯ ತುದಿ ಸರಿಸಿ, ಕಾಲ ಗಂಟಿನ ಮೇಲೆ ಹೆಬ್ಬೆರಳೊತ್ತಿ ತೆಗೆದರು. ಒತ್ತಿದಲ್ಲಿ ಗುಳಿ ಬಿತ್ತು, ಮೇಲೇಳಲಿಲ್ಲ. ನನ್ನನ್ನು ನೋಡಿ, "ಬನ್ನಿ ಸ್ವಲ್ಪ" ಎಂದು ಹೊರಗೆ ನಡೆದರು.

"ಎಷ್ಟು ದಿನದಿಂದ?" ಕಾರಿಡಾರಿನ ಕಿಟಕಿಯ ಹತ್ತಿರ ನಿಂತು ಕೇಳಿದರು.

ಸುಳ್ಳು ಹೇಳುವಷ್ಟು ಧೈರ್ಯ ನನಗಿರಲಿಲ್ಲ. "ನಾಲ್ಕು... ಇವತ್ತಿಗೆ ಐದು. ನಿಮಗೆ ಹೇಗೆ ಗೊತ್ತಾಯ್ತು?"

"ಇಪ್ಪತ್ತಾರು ವರ್ಷದಲ್ಲಿ ನನ್ನ ಅಡುಗೆ ಚೆನ್ನಾಗಿದೆ ಅಂತ ಒಬ್ರೂ ಹೇಳಿಲ್ಲ ಯಜಮಾನ್ರೇ. ಹೇಳಿದ್ರೆ ಏನೋ ಎಡವಟ್ಟಾಗಿದೆ ಅಂತಲೇ."

"ಅವನು ಏನೂ ತಿಂತಾ ಇರ್ಲಿಲ್ಲ."

"ಗೊತ್ತು."

"ಬಾಯಿಬಿಟ್ಟು ಕೇಳಿದ. ಇಲ್ಲ ಅನ್ನೋಕೆ ನನ್ನಿಂದ ಆಗ್ಲಿಲ್ಲ."

"ಅದೂ ಗೊತ್ತು. ನನ್ನನ್ನ ದಿನಾ ನಲವತ್ತು ಜನ ಕೇಳ್ತಾರೆ." ಇದನ್ನು ಅವರು ಕೋಪದಿಂದ ಹೇಳಲಿಲ್ಲ, ಹವಾಮಾನ ಹೇಳುವ ಧ್ವನಿಯಲ್ಲಿ ಹೇಳಿದರು. ಆಮೇಲೆ, "ಡಾಕ್ಟ್ರಿಗೆ ನೀವೇ ಹೇಳ್ತೀರೋ, ನಾನು ಹೇಳ್ಲೋ? ಈಗ್ಲೇ ಹೇಳ್ಬೇಕು" ಎಂದರು.

ನಾನೇ ಹೇಳಿದೆ. ಉಪ್ಪು ತಿಂದವನು ನೀರು ಕುಡಿಯಲೇಬೇಕು ಎನ್ನುತ್ತಾರಲ್ಲ, ತಿನ್ನಿಸಿದವನೂ ಕುಡಿಯಬೇಕಾಗುತ್ತದೆ. ಏರಿದ ತೂಕವೆಲ್ಲ ನೀರು. ಮರುದಿನ ಬೆಳಿಗ್ಗೆ ಅದು ಶ್ವಾಸಕೋಶಕ್ಕೆ ಏರಿ ಅಣ್ಣನಿಗೆ ಆಮ್ಲಜನಕ ಹಾಕಬೇಕಾಯಿತು. ಎರಡು ದಿನ ಅವನ ಎದೆ ತಿದಿಯಂತೆ ಏರಿಳಿಯುವುದನ್ನು ನಾನು ಕೂತು ನೋಡಿದೆ. ಶಸ್ತ್ರಚಿಕಿತ್ಸೆ ಹದಿನೈದು ದಿನ ಮುಂದಕ್ಕೆ ಹೋಯಿತು. ಇನ್ನೊಮ್ಮೆ ಹೀಗಾದರೆ ನಾವು ಕೈ ಹಾಕುವುದೇ ಇಲ್ಲ ಎಂದು ವೈದ್ಯರು ನನ್ನ ಮುಖ ನೋಡದೆ ಹೇಳಿದರು. ಅತ್ತಿಗೆ ನನ್ನೊಡನೆ ಮಾತು ಬಿಟ್ಟರು. ಅವರದು ತಪ್ಪಲ್ಲ.

ಮೂರನೆಯ ದಿನ ಅಣ್ಣ ಎದ್ದು ಕೂತಾಗ ಸಪ್ಪೆಯಮ್ಮ ಬಂದರು. ಜೇಬಿನಿಂದ ಪಟ್ಟಿ ತೆಗೆದು, ಒಂದು ನಿಂಬೆಹಣ್ಣಿನ ಜೊತೆ ನನ್ನ ಕೈಗಿಟ್ಟರು. "ಕೊಡ್ಬೇಕು ಅಂತ ಅಷ್ಟು ಆಸೆ ಇದ್ರೆ, ಇದನ್ನ ಕೊಡಿ" ಎಂದರು. ಮೊದಲ ಎಳೆತಕ್ಕೇ ಬೆರಳ ಗೆಣ್ಣು ತರಚಿತು. ಎರಡನೆಯ ಸಲ, ಚೆನ್ನಾಗಿ ಪರಿಮಳ ಬರಲಿ ಎಂದು ಒಂದೇ ಕಡೆ ನಾಲ್ಕು ಬಾರಿ ಎಳೆದೆ. ಅಣ್ಣ ಒಂದು ಚಮಚ ಬಾಯಿಗಿಟ್ಟು ಮುಖ ಕಿವುಚಿ, "ಕಹಿ ಕಣೋ" ಎಂದ. ಸಪ್ಪೆಯಮ್ಮ ಹಣ್ಣನ್ನು ನನ್ನ ಕಣ್ಣಿನ ಹತ್ತಿರ ಹಿಡಿದರು. ಬಿಳಿಯ ಪದರವೂ ಹರಿದು ಒಳಗಿನ ತೊಳೆ ಕಾಣುತ್ತಿತ್ತು. "ಮೇಲಿರೋದಷ್ಟೇ ನಮ್ದು. ಇನ್ನೂ ಬೇಕು ಅಂತ ಇಳಿದ್ರೆ ಕಹೀನೇ ಬರೋದು" ಎಂದು, ನನ್ನ ಮುಂಗೈ ಹಿಡಿದು, ಒಂದು ಸಲ ಎಳೆಸಿ, ಹಣ್ಣು ತಿರುಗಿಸಿದರು.

ಕಲಿಯಲು ನಾಲ್ಕು ದಿನ ಹಿಡಿಯಿತು. ಆಮೇಲೆ ಒಂದು ಮಧ್ಯಾಹ್ನ, ಸೂಪಿನ ಹಬೆಗೆ ತುರಿ ಉದುರಿದ್ದೇ ತಡ, ಅಣ್ಣನ ಮೂಗಿನ ಹೊಳ್ಳೆ ಒಮ್ಮೆ ಅರಳಿದ್ದನ್ನು ಕಂಡೆ. ಅರ್ಧ ತಟ್ಟೆ ಉಂಡ. ಮರುದಿನ ಶುಂಠಿ, ಅದರ ಮರುದಿನ ಕಿತ್ತಳೆ ಸಿಪ್ಪೆ. ಬೈಯುತ್ತಲೇ ಉಂಡ, ಉಣ್ಣುತ್ತಲೇ ಬೈದ. ತಟ್ಟೆ ಖಾಲಿಯಾಗುವವರೆಗೆ ಸಪ್ಪೆಯಮ್ಮ ಕೈಕಟ್ಟಿ ನಿಂತಿರುತ್ತಿದ್ದರು. ನಿಗದಿಯಾದ ದಿನ ಅವನನ್ನು ಶಸ್ತ್ರಚಿಕಿತ್ಸೆಗೆ ಒಯ್ದರು, ಆರು ಗಂಟೆಗಳ ನಂತರ ಹೊರಗೆ ತಂದರು. ಬದುಕಿದ ಎಂದು ಅವರಿಗೆ ತಿಳಿಸಲು ನಾನು ಅಡುಗೆಮನೆಗೆ ಓಡಿದೆ. ಅವರು ಯಾರಿಗೋ ಸೋರೆಕಾಯಿ ಹೆಚ್ಚುತ್ತಿದ್ದರು. "ಸರಿ, ನಾಳೆಯಿಂದ ಮೆತ್ತಗೆ ಮಾಡ್ಕೊಡ್ತೀನಿ" ಎಂದು ಹೆಚ್ಚುವುದನ್ನು ಮುಂದುವರಿಸಿದರು. ನನಗೆ ಅಳು ಬಂದು, ಅಲ್ಲೇ ಈರುಳ್ಳಿ ಚೀಲದ ಮೇಲೆ ಕೂತು ಅತ್ತೆ.

ಬೇಡಿದವರಿಗೆ ಇಲ್ಲವೆಂದು ಬಾಗಿಲು ಹಾಕಿಕೊಳ್ಳುವವರು ಲೋಕದಲ್ಲಿ ಬೇಕಾದಷ್ಟಿದ್ದಾರೆ. ಮುಖ ನೋಡಲಾರದೆ ಹೂಂ ಎಂದು ಕೊಟ್ಟುಬಿಡುವ ನನ್ನಂಥವರಿಗೂ ಬರವಿಲ್ಲ. ನಾವು ಅದನ್ನು ಪ್ರೀತಿ ಎಂದು ಕರೆದುಕೊಳ್ಳುತ್ತೇವೆ, ಅಷ್ಟಿಷ್ಟು ನಿಜವೂ ಹೌದು. ಇಲ್ಲವೆಂದು ಹೇಳಿ, ಹೇಳಿದ ಮೇಲೂ ತಟ್ಟೆಯ ಪಕ್ಕದಲ್ಲೇ ನಿಂತು, ಉಳಿದಿರುವುದರಲ್ಲಿ ಏನಾದರೂ ರುಚಿ ಹುಟ್ಟೀತೇ ಎಂದು ಹೊತ್ತು ಹೊತ್ತಿಗೂ ಹುಡುಕುವವರು ಮೂರನೆಯ ಜಾತಿ. ಅವರ ಕೆಲಸ ಸರಿಯಾದ ದಿನ ಅವರಿಗೆ ಹೊಗಳಿಕೆ ಸಿಗುವುದಿಲ್ಲ, ಬೈಗುಳವೇ ಸಿಗುತ್ತದೆ. ಆ ಬೈಗುಳ ನಿಲ್ಲದಿರಲಿ ಎಂದೇ ಅವರು ದುಡಿಯುತ್ತಾರೆ. ನಮ್ಮಣ್ಣ ಸಪ್ಪೆಯಮ್ಮನ ಅಡುಗೆಯನ್ನು ದಿನಕ್ಕೆರಡು ಸಲವಾದರೂ ಹಳಿಯುತ್ತ, ಮನೆಯಲ್ಲೂ ಅದೇ ಸಪ್ಪೆ ಊಟ ಉಣ್ಣುತ್ತ, ಇನ್ನೂ ಹನ್ನೊಂದು ವರ್ಷ ಬದುಕಿದ.